ಪಿಂಗಾಣಿ ಹಲ್ಲಿನ ವ್ಯಾಪಾರಿ

“ಅಜ್ಜಾರೇ, ಮನೆಯಲ್ಲಿ ಯಾರೂ ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ, ಯಾಕೆ?” ಎಂದು ಚನ್ನವೀರ ಕೇಳಿದ. ಮಠಕ್ಕೆ ನಡೆದುಕೊಳ್ಳತೊಡಗಿ ಅವನಿಗೆ ಎರಡು ವರ್ಷವಾಗಿತ್ತು. ಚಾಡಿ ಬಿಟ್ಟಿದ್ದ, ಬೈಗುಳ ಬಿಟ್ಟಿದ್ದ, ಎಲೆಯಡಿಕೆಯನ್ನೂ ಬಿಟ್ಟಿದ್ದ. ಈಗ ಅವನು ಮನೆಯೊಳಗೆ ಕಾಲಿಟ್ಟರೆ ನಗುತ್ತಿದ್ದವರು ಸುಮ್ಮನಾಗುತ್ತಾರಂತೆ. ಹೆತ್ತ ತಾಯಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಾಳಂತೆ. ತಾನು ಯಾರಿಗೂ ಒಂದು ಮಾತು ಅಂದವನಲ್ಲ ಎಂದು ಹೇಳಿಕೊಂಡ.

ಮಠದ ಸ್ವಾಮಿಗಳಾದ ಅಜ್ಜಾರು ಬೆಳಗಿನಿಂದ ಭಕ್ತರ ಗೋಳು ಕೇಳಿ ದಣಿದಿದ್ದರು. ಗೋಡೆಗೆ ಒರಗಿ, ಕೇಳಪ್ಪ ಎಂದು ಶುರುಮಾಡಿದರು.

ಒಂದು ಊರು. ಅಲ್ಲಿಯ ಬಾವಿನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ನೀರು ಕುಡಿದು ಬೆಳೆದವರ ಹಲ್ಲೆಲ್ಲ ಕಂದು. ಊರಿಗೆ ಊರೇ ಹಾಗಿರುವಾಗ ಯಾರ ಹಲ್ಲನ್ನು ಯಾರು ನೋಡಬೇಕು? ಆ ಊರಿನ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಪೇಟೆಗೆ ಹೋಗಿಬರುತ್ತಿದ್ದ. ಪೇಟೆಯವರು ಅವನ ಮಾತು ಕೇಳುವುದು ಬಿಟ್ಟು ಬಾಯಿ ನೋಡುತ್ತಿದ್ದರು. ಪಾಪ, ಅವನಿಗೆ ಜೀವ ಹಿಡಿಯಷ್ಟಾಗುತ್ತಿತ್ತು. ಹತ್ತು ವರ್ಷ ಬಾಯಿಗೆ ಅಂಗೈ ಅಡ್ಡ ಹಿಡಿದು ಮಾತಾಡಿ ಸಾಕಾಗಿ, ಕೊನೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋದ. ಹಲ್ಲಿನ ಮೇಲ್ಪದರ ತೇಯ್ದು ತೆಳ್ಳಗಿನ ಪಿಂಗಾಣಿ ಹೊದಿಕೆ ಅಂಟಿಸಬೇಕು, ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ತೇಯಿರಿ ಎಂದ.

ಪೇಟೆಯಲ್ಲಿ ಮೊದಲ ಸಲ ಕೈ ಕೆಳಗಿಟ್ಟು ಮಾತಾಡಿದ. ಊರಿಗೆ ಬಂದವನು ಬೇಕೆಂದೇ ಕಂಡಕಂಡವರ ಎದುರು ಹಲ್ಲು ಕಿರಿದ. ಎಲ್ಲರೂ ಹೊಗಳಿದರು. ನಾಲ್ಕು ದಿನ ಕಳೆದ ಮೇಲೆ, ಕಟ್ಟೆಯಲ್ಲಿ ಕೂತ ಗೆಳೆಯರು ಅವನೆದುರು ನಗುವಾಗ ಟವೆಲ್ಲಿನ ತುದಿಯಿಂದ ಬಾಯಿ ಮುಚ್ಚಿಕೊಳ್ಳತೊಡಗಿದರು. ಅವನು ತಲೆಕೆಡಿಸಿಕೊಳ್ಳಲಿಲ್ಲ.

ಅವನ ಹೆಂಡತಿಯ ನಗು ಮೂರು ಮನೆಗೆ ಕೇಳಿಸುವಂಥದು. ಅದನ್ನು ಕೇಳಿದರೆ ಅವನ ದಿನದ ದಣಿವೆಲ್ಲ ಇಳಿಯುತ್ತಿತ್ತು. ಅವಳೂ ಸೆರಗು ಬಾಯಿಗೆ ತಂದಳು. ಆಮೇಲೆ ನಗುವುದನ್ನೇ ಬಿಟ್ಟಳು. ಅವನಿಗೆ ತಡೆಯಲಾಗಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

“ನಿನ್ನವನ್ನೂ ಬೆಳ್ಳಗೆ ಮಾಡಿಸೋಣ, ಬಾ.”

ಅವಳು ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

“ಇಷ್ಟು ವರ್ಷ ನೀವು ನನ್ನ ಹಲ್ಲು ನೋಡುತ್ತಿದ್ದಿರಾ? ನಾನು ನಗುವುದನ್ನು ನೋಡುತ್ತೀರಿ ಅಂದುಕೊಂಡಿದ್ದೆ.”

ಮರುದಿನವೇ ಅವನು ಡಾಕ್ಟರ ಹತ್ತಿರ ಓಡಿದ. ಇದನ್ನು ಕಿತ್ತುಬಿಡಿ, ನನ್ನ ಹಳೆಯ ಹಲ್ಲೇ ಇರಲಿ ಎಂದ. ಕಿತ್ತರೆ ಅಡಿಯಲ್ಲಿರುವುದು ತೇಯ್ದ ಹಲ್ಲು, ಹಳೆಯದನ್ನು ನಾನೆಲ್ಲಿಂದ ತರಲಿ ಎಂದರು ಡಾಕ್ಟರು. ಅವನು ವಾಪಸು ಬಸ್ಸು ಹತ್ತಿದ. ಈಗಲೂ ಸಂಜೆ ಮನೆಗೆ ಬರುತ್ತಾನೆ, ಕೈಕಾಲು ತೊಳೆಯುತ್ತಾನೆ, ಉಣ್ಣುತ್ತಾನೆ. ಮನೆಯಲ್ಲಿ ಸದ್ದಿರುವುದಿಲ್ಲ.

ಅಜ್ಜಾರು ಕಣ್ಣು ಮುಚ್ಚಿದರು. ಕತೆ ಮುಗಿದಿತ್ತು. ಹಾಗಾದರೆ ಒಳ್ಳೆಯವನಾಗುವುದೇ ತಪ್ಪೇ ಎಂದು ಚನ್ನವೀರ ಕೇಳಿದ.

“ತಪ್ಪಲ್ಲಪ್ಪ, ನಿಮ್ಮವ್ವನಿಗೆ ಅರವತ್ತು ವರ್ಷ ಇಲ್ಲದ ನಾಚಿಕೆಯನ್ನು ಮನೆಗೆ ತಂದವರು ಯಾರು, ಅದನ್ನು ಹೇಳು.”