ಕೌದಿ ಫಕ್ಕೀರವ್ವ ಬಿಟ್ಟ ಬಿಳಿ ಮನಿ

ಬಾಳ ಹಿಂದಿನ ಮಾತಿದು. ಎಷ್ಟು ಹಿಂದ ಅಂತ ಕೇಳಬ್ಯಾಡ್ರಿ. ನನಗ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ನಮ್ಮಜ್ಜಿಗೆ ಹೇಳಿದಾಕಿಗೂ ಗೊತ್ತಿರಲಿಲ್ಲ. ಎರಿ ಹೊಲದ ನಾಡಿನ್ಯಾಗ, ಹಳ್ಳದ ದಂಡಿ ಮ್ಯಾಲ ಜಾಲಿಗೇರಿ ಅಂತ ಒಂದೂರು. ಆ ಊರಾಗ ಫಕ್ಕೀರವ್ವ ಅಂತ ಒಬ್ಬಾಕಿ ಇದ್ಲಂತ. ಹಳೇ ಸೀರಿ, ಹರಕ ಧೋತರ, ಪದರಿನ ಮ್ಯಾಲ ಪದರು ಹಾಕಿ ಕೌದಿ ಹೊಲಿಯೂದು ಆಕಿ ಕೆಲಸ. ಆಕಿ ಹೊಲಿದ ಕೌದಿ ಚಳಿಗಾಲದಾಗ ಬೆಚ್ಚಗ, ಬ್ಯಾಸಗ್ಯಾಗ ತಣ್ಣಗ ಇರ್ತಿತ್ತು ಅಂತಾರ. ಆಕಿ ನಿದ್ದಿ ಮಾಡಿದ್ರೂ ಸೂಜಿ ತಾನ ನಡೀತಿತ್ತು ಅಂತಾರ. ಅವರು ಅಂತಾರ, ನಾ ಅನ್ನಂಗಿಲ್ಲ. ಸೂಜಿ ತಾನ ಹೆಂಗ ನಡೀತೈತಿ? ಮಂದಿ ಬಾಯಿ ಹಿಡಿಯೋರು ಯಾರು.

ಫಕ್ಕೀರವ್ವ ಸಣ್ಣ ಹುಡುಗಿ ಇದ್ದಾಗ ಒಂದು ದಿನ ಕಣದಾಗ ಜೋಳ ಹಸನ ಮಾಡಾಕತ್ತಿದ್ಲಂತ. ಪರಕಾರಕ್ಕ ರಕ್ತ ಆತು. ಆಕಿಗೆ ಯಾರು ಹೇಳಿದ್ರು? ಅವ್ವ ಹೇಳಿರಲಿಲ್ಲ, ಅಜ್ಜಿ ಹೇಳಿರಲಿಲ್ಲ. ಹೊಟ್ಟ್ಯಾಗ ಏನೋ ಹರದು ಹೋಗೈತಿ, ಇನ್ನ ನಾ ಸಾಯ್ತೀನಿ ಅಂತ ತಿಳಕೊಂಡ್ಲು. ಕೊಟಗಿಗೆ ಹೋಗಿ ಆಕಳ ಕರುವಿನ ಕೊರಳಿಗೆ ಬಿದ್ದು, ನಾ ಬರ್ತೇನಪಾ, ಚೊಲೋತ್ನಂಗ ಹಾಲು ಕುಡಿ ಅಂತ ಅತ್ತು ಹೇಳಿ, ಬಣವಿ ಸಂದ್ಯಾಗ ಸಾಯಾಕ ಮಕ್ಕೊಂಡ್ಲಂತ. ನಗಬ್ಯಾಡ್ರೆ! ನಿಮ್ಮೊಳಗ ಎಷ್ಟು ಮಂದಿ ಹಂಗ ಅಂಜೀರಿ, ಎದಿ ಮುಟ್ಟಿಕೊಂಡು ಹೇಳ್ರಿ ನೋಡೋಣು. ಎರಡು ದಿನ ಹುಡುಕಿ ಮಂದಿ ಎಬ್ಬಿಸಿಕೊಂಡು ಬಂದ್ರು. ಅವ್ವ ಮೊದಲ ಹೊಡದ್ಲು, ಆಮ್ಯಾಲ ಆರತಿ ಮಾಡಿದ್ಲು, ಹೊಸಾ ಸೀರಿ ಉಡಿಸಿದ್ಲು. ರಕ್ತ ಯಾಕ ಬಂತು ಅನ್ನೂದನ್ನ ಮಾತ್ರ ಹೇಳಲಿಲ್ಲ.

ವರ್ಸ ಕಳದ್ವು. ಫಕ್ಕೀರವ್ವನ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ. ಸೂಲಗಿತ್ತಿ ಬೆನ್ನು ಹತ್ತಿ ಓಡಾಡಿ, ಹೆಣ್ಣಿನ ಮೈಯಾಗ ಏನೇನು ನಡೀತೈತಿ ಅನ್ನೂದನ್ನೆಲ್ಲಾ ತಿಳಕೊಂಡ್ಲು. ತಂಗಿ ಸತ್ತ ಮ್ಯಾಲ ತಂಗಿ ಮೊಮ್ಮಗಳು ನೀಲಗಂಗಿ ಆಕಿ ಉಡ್ಯಾಗ ಬಿತ್ತು. ಆ ಕೂಸು ಅಂದ್ರ ಜೀವ ಫಕ್ಕೀರವ್ವಗ. ಹುಡುಗಿ ಬೆಳದಂಗ ಬೆಳದಂಗ ಆಕಿ ಎದ್ಯಾಗ ಒಂದ ಚಿಂತಿ. ನನ್ನ ನೀಲಗಂಗಿ ಬಣವಿ ಸಂದ್ಯಾಗ ಸಾಯಾಕ ಮಲಗಬಾರದು.

ಹೇಳಬೇಕಂತ ಒಂದಿನ ಎದುರಿಗೆ ಕುಂಡರಿಸಿಕೊಂಡ್ಲಂತ. ಬಾಯಿ ಒಣಗಿ ಹೋತು. ನಾಲಿಗಿ ಏಳವಲ್ದು. ಕಡೀಕ, ಹೋಗವಾ, ಕೋಳಿ ಮುಚ್ಚು ಅಂತ ಕಳಿಸಿದ್ಲು. ಏನು ಮಾಡ್ತೀರಿ, ಆಕಿ ಅವ್ವನ ಬಾಯಿನ ಆಕಿಗೂ ಬಂದಿತ್ತು. ಅವತ್ತ ಆಕಿ ಅಂದುಕೊಂಡ್ಲಂತ, ನನಗ ಬರೂದು ಸೂಜಿ ಒಂದ, ಸೂಜಿಲೆ ಹೇಳ್ತೀನಿ.

ಕೌದಿ ಹೊಲಿಯೂ ಪದ್ಧತಿ ನಿಮಗ ಗೊತ್ತೈತಲ್ಲ? ಅಂಚಿನಿಂದ ಸುರು ಮಾಡಿ ಸುತ್ತಿ ಸುತ್ತಿ ಒಳಗ ಹೋಗೂದು, ನಡುವಿನ ತುಂಡು ಕಡೀಕ. ಒಂದೊಂದು ತುಂಡಿಗೂ ಆಕಿ ಮನಿ ಅಂತಿದ್ಲು. ಹೊರಗಿನ ಸುತ್ತಿನ್ಯಾಗ ಹುಡುಗಿ ಮೈ ಬೆಳಿಯೂದನ್ನ ಹೊಲದ್ಲು: ಎದಿ ಮೂಡೂದು, ಕಂಕುಳಾಗ ಕೂದಲು ಬರೂದು, ಮಾರಿಗೆ ಗುಳ್ಳಿ ಏಳೂದು. ಅದರೊಳಗಿನ ಸುತ್ತಿಗೆ ಗರ್ಭಚೀಲ ಹೊಲದು ಓಣಿ ಹುಡುಗ್ಯಾರಿಗೆ ತೋರಿಸಿದ್ಲು. ಇದೇನ್ರೆ ಅಂತ ಕೇಳಿದ್ರ ಎಲ್ಲಾರೂ ಕೂಡಿ ಬದನಿಕಾಯಿ ಅಂದ್ರಂತ! ಫಕ್ಕೀರವ್ವ ತಲಿ ತಲಿ ಬಡಕೊಂಡು ಬಿಚ್ಚಿದ್ಲು. ಮತ್ತ ಹೊಲದ್ಲು, ಮತ್ತ ಕೇಳಿದ್ಲು. ಈ ಸಲ ಕುಂಬಳಕಾಯಿ ಅಂದ್ರು. ಮತ್ತ ಬಿಚ್ಚಿದ್ಲು. ಏಳು ಸಲ ಬಿಚ್ಚಿದ್ಲು ಅಂತಾರ. ಆಮ್ಯಾಲ ತನ್ನ ಸೊಂಟದಾಗಿನ ಎಲಿಅಡಿಕಿ ಚಂಚಿ ನೋಡಿಕೊಂಡ್ಲು. ಚೀಲದ ಬಾಯಿ, ಎರಡೂ ಕಡೆ ಜಗ್ಗೂ ದಾರ. ಅದನ್ನ ಹೊಲದು ಕೊಟ್ಟು, ಇಂಥಾದ್ದೊಂದು ಚಂಚಿ ಎಲ್ಲಾ ಹುಡುಗ್ಯಾರ ಹೊಟ್ಟ್ಯಾಗೂ ಇರ್ತೈತಿ ಅಂದ್ಲು. ಹುಡುಗ್ಯಾರು ತಮ್ಮ ತಮ್ಮ ಹೊಟ್ಟಿ ಮುಟ್ಟಿ ನೋಡಿಕೊಂಡ್ರಂತ.

ಅದರೊಳಗಿನ ಸುತ್ತಿಗೆ ಇಪ್ಪತ್ತೆಂಟು ಮನಿ, ಅದರಾಗ ನಾಕು ಕೆಂಪು. ದಿನಾ ಹಾಸಿಗಿ ಮಡಚೂವಾಗ ದಾರದ ಎಳಿ ಬಿಚ್ಚಿ ಮುಂದಿನ ಮನಿಗೆ ಕಟ್ಟಬೇಕು. ಸುತ್ತು ಮುಗಿದ ಮ್ಯಾಲ ಅಂಚಿಗೊಂದು ಗಂಟು ಹಾಕಬೇಕು, ಮುಟ್ಟು ಬಂದಿದ್ರ ಕೆಂಪು ದಾರ, ಬರದಿದ್ರ ಕರಿ ದಾರ. ಕೆಂಪು ಬಂದ್ರ ಅಂಜಬ್ಯಾಡ, ಅದು ನಿನ್ನ ಮೈಯ ಲೆಕ್ಕ. ಹಿಂಗ ಹುಡುಗಿ ತನ್ನ ಹಾಸಿಗ್ಯಾಗ ತಾನ ಓದಿಕೊಳ್ಳೂದು. ಹೊಲಿಗಿ ಒಳಮೈಗೆ ಮಾಡಿ ಹೊದ್ದುಕೊಂಡ್ರ ಅಪ್ಪಗೂ ಕಾಣಂಗಿಲ್ಲ, ಅಣ್ಣಗೂ ಕಾಣಂಗಿಲ್ಲ.

ಉಳಿದಿದ್ದು ನಡುವಿನ ಮನಿ.

ಅಷ್ಟೊತ್ತಿಗೆ ಊರಾಗ ಗುಲ್ಲಾಗಿತ್ತು. ಗೌಡ್ತಿ ಬಸಲಿಂಗವ್ವ ನಾಕು ಮಂದಿ ಹಿರೇ ಹೆಣ್ಣುಮಕ್ಕಳನ್ನ ಕಟ್ಟಿಕೊಂಡು ಬಂದ್ಲು. ಕೆಟ್ಟಾಕಿ ಅಲ್ಲ ಗೌಡ್ತಿ. ಕೌದಿ ಸುತ್ತ ಕುಂತು, ಒಂದೊಂದ ಮನಿ ಬೆರಳಾಡಿಸಿ ನೋಡಿ, ನಮಗ ಯಾರೂ ಹಿಂಗ ಹೇಳಲಿಲ್ಲಲ್ಲ ಅಂತ ಕಣ್ಣಾಗ ನೀರು ತಂದ್ಲಂತ. ಆಮ್ಯಾಲ ನಡುವಿನ ಮನ್ಯಾಗ ಏನು ಹೊಲಿತಿ ಅಂತ ಕೇಳಿದ್ಲು.

ಫಕ್ಕೀರವ್ವ ಹೇಳಿದ್ಲು. ಅಲ್ಲೊಂದು ಬಾಗಿಲಾ ಹೊಲಿತೀನಿ, ಚಿಲಕ ಒಳಗಿನ ಕಡೆ. ತಗಿಯಾಕಿ ಹುಡುಗಿ ತಾನ, ಆಕಿ ಒಲ್ಲೆ ಅಂದ್ರ ಯಾರೂ ದೂಡಬಾರದು. ಒಳಗ ಚಂಚಿ, ಚಂಚ್ಯಾಗ ಒಂದು ಬೀಜ. ಗಂಡು ಹೆಣ್ಣು ಕೂಡಿದ್ರ ಬೀಜ ನಿಲ್ತೈತಿ, ಬೀಜ ನಿಂತ್ರ ಕೆಂಪು ನಿಲ್ತೈತಿ. ಬೀಜ ನಿಂತ ಮ್ಯಾಲ ಮತ್ತ ಕೆಂಪು ಬಂತಂದ್ರ ಅದು ಆ ಕೆಂಪಲ್ಲ. ಅವಾಗ ಅಂಜಬೇಕು, ಒದರಬೇಕು, ಮಂದಿನ್ನ ಕರೀಬೇಕು.

ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡ್ರು. ಗೌಡ್ತಿ ಎದ್ದು ನಿಂತ್ಲು.

"ಅದು ಬ್ಯಾಡ ಫಕ್ಕೀರವ್ವ. ಅದನ್ನ ಗಂಡ ಕಲಿಸ್ತಾನ."

ಆ ಮನಿ ಹೊಲದಿ ಅಂದ್ರ ನಿನ್ನ ಕೌದಿ ಯಾರ ಹೊಸ್ತಿಲಾನೂ ದಾಟಂಗಿಲ್ಲ, ಬಿಟ್ಟಿ ಅಂದ್ರ ನಾನ ಮನಿ ಮನಿಗೆ ಮುಟ್ಟಸ್ತೀನಿ ಅಂದ್ಲು. ಫಕ್ಕೀರವ್ವ ಮೂರು ದಿನ ಸೂಜಿ ಮುಟ್ಟಲಿಲ್ಲ. ಎಷ್ಟು ಹುಡುಗ್ಯಾರು ಬಣವಿ ಸಂದ್ಯಾಗ ಮಲಗಿರಬಹುದು ಅಂತ ನೆನಸಿದ್ಲು. ಒಂದು ಮನಿ ಸಲುವಾಗಿ ಇಷ್ಟೂ ಕೆಡಸಲೇನು ಅಂತ ನೆನಸಿದ್ಲು. ನಡುವಿಂದು ಬಾಯಿಲೆ ಹೇಳಿದ್ರಾತು, ಮದವಿ ಹೊತ್ತಿಗೆ ಹೇಳಿದ್ರಾತು. ನಾಕನೇ ದಿನ ಎದ್ದು ನಡುವಿನ ಮನಿಗೆ ಖಾಲಿ ಬಿಳಿ ಅರಿವಿ ಹಚ್ಚಿ ಹೊಲದು ಮುಗಿಸಿದ್ಲು.

ಗೌಡ್ತಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಏಳೂರು ಹೆಣ್ಣುಮಕ್ಕಳು ಬಂದು ಕಲತು ಹೋದ್ರಂತ. ಹುಡುಗ್ಯಾರು ಅಂಜೂದು ಬಿಟ್ರು. ಆಕಿ ಕೌದಿ ಹೊದ್ರ ಹೊಟ್ಟಿ ನೋವು ತಾನ ಇಳೀತಿತ್ತು ಅಂತಾರ. ಇದ್ದರೂ ಇದ್ದೀತು, ಅಂಜಿಕಿ ಹೋದ್ರ ಅರ್ಧ ನೋವು ಹೋಗ್ತೈತಿ. ನೀಲಗಂಗಿ ದೊಡ್ಡಾಕಿ ಆದಾಗ ನಕ್ಕೋತ ಬಂದು, ಅಜ್ಜಿ, ಕೆಂಪು ಮನಿ ಬಂತು ಅಂದ್ಲಂತ. ಅವತ್ತಿನಷ್ಟು ಖುಷಿ ಫಕ್ಕೀರವ್ವ ಹುಟ್ಟಿ ಪಟ್ಟಿದ್ದಿಲ್ಲ.

ಆಗಿನ ಕಾಲ, ಹುಡುಗಿನ್ನ ಬಾಳ ದಿನ ಮನ್ಯಾಗ ಇಟ್ಟುಕೊಳ್ಳಾಕ ಯಾರು ಬಿಡ್ತಿದ್ರು? ಎರಡು ಹಗಲಿನ ದಾರಿ ದೂರದ ಊರಿಗೆ ಕೊಟ್ರು. ಗಂಡನ ಮನಿಗೆ ಕಳಿಸೂ ದಿನ ಫಕ್ಕೀರವ್ವ ಮುತ್ತೈದೇರ ಕೈಲೆ ಉಡಿ ತುಂಬಿಸಿದ್ಲು. ಹೇಳಬೇಕು, ಈಗ ಹೇಳಬೇಕು ಅಂತ ಮಾರಿ ಹತ್ತರ ಮಾರಿ ತಂದ್ಲು. ಮನಿ ತುಂಬ ಮಂದಿ. ಮತ್ತ ಬಾಯಿ ಒಣಗಿತು. ಚೊಲೋತ್ನಂಗ ಬಾಳವಾ ಅಂದ್ಲು, ಅಷ್ಟ. ಅಯ್ಯ ನಮ್ಮ ಹಣೇಬರಾ, ಅಷ್ಟ ಅಂದ್ಲು.

ಸುಗ್ಗಿ ಬಂತು, ಸುಗ್ಗಿ ಹೋತು. ಒಂದಿನ ಬಳಿಗಾರ ಮುದುಕ ಒಂದು ಗಂಟು ತಂದು ಕಟ್ಟಿ ಮ್ಯಾಲ ಇಟ್ಟ. ನೀಲಗಂಗಿ ಕೌದಿ. ಹುಡುಗಿ ಹೇಳಿ ಕಳಿಸಿದ್ಲಂತ: ಅಜ್ಜಿ, ಕೌದಿ ಕೆಟ್ಟೈತಿ. ದಿನಾ ತಪ್ಪದ ಎಳಿ ಕಟ್ಟೀನಿ, ಕೆಂಪು ಮನಿಗೆ ಬಂದ್ರೂ ಕೆಂಪು ಬರವಲ್ದು. ಲಗೂನ ಸರಿ ಮಾಡಿ ಕಳಿಸು.

ಫಕ್ಕೀರವ್ವ ಅಂಚು ಹಿಡಕೊಂಡು ಹುಡುಗಿ ಗಂಡನ ಮನಿಗೆ ಹೋದ ಮ್ಯಾಲಿನ ಗಂಟು ಎಣಿಸಿದ್ಲು. ಕೆಂಪು, ಕೆಂಪು. ಆಮ್ಯಾಲ ಕರಿ, ಕರಿ, ಕರಿ, ಕರಿ. ಹಂಗ ಎದ್ಲಂತ. ಬಾಗಿಲಾ ಹಾಕಲಿಲ್ಲ, ರೊಟ್ಟಿ ಕಟ್ಟಿಕೊಳ್ಳಲಿಲ್ಲ, ಕೌದಿ ಹೆಗಲಿಗೆ ಹಾಕ್ಕೊಂಡು ನಡದ್ಲು. ಎರಡು ಹಗಲಿನ ದಾರಿ ಒಂದ ಹಗಲಿನ್ಯಾಗ ನಡದ್ಲು ಅಂತಾರ. ಹಳ್ಳ ತುಂಬಿ ಹರಿಯೂದು ನಿಂತು ದಾರಿ ಕೊಡ್ತು ಅಂತಾರ. ಕೊಟ್ಟಿದ್ರ ಏನಾತು? ನೀಲಗಂಗಿನ್ನ ಮಣ್ಣು ಮಾಡಿ ಮೂರು ದಿನ ಆಗಿತ್ತು.

ನೀಲಗಂಗಿ ಅತ್ತಿ ಎದಿ ಬಡಕೊಂಡು ಹೇಳಿದ್ಲಂತ. ಹುಡುಗಿ ಬಾವಿಯಿಂದ ಎರಡು ಕೊಡ ಹೊತ್ತುಕೊಂಡು ಬರ್ತಿದ್ಲು. ನಡು ದಾರ್ಯಾಗ ಹೊಟ್ಟಿ ಹಿಡಕೊಂಡ್ಲು. ಕೆಂಪು ನೋಡಿ ಮಾರಿ ಅರಳಿತು. ಕಡೀಕೂ ಬಂತು ಅತ್ತಿ, ನಮ್ಮಜ್ಜಿ ಅಲ್ಲೆ ಕೌದಿ ಸರಿ ಮಾಡಿರಬೇಕು ಅಂದ್ಲು. ತಾನ ಹೋಗಿ ಹೊರಗಿನ ಕೋಣ್ಯಾಗ ಕುಂತ್ಲು. ಹೊರಗ ಕುಂತಾಕಿನ್ನ ಯಾರು ಮುಟ್ಟತಾರ, ಯಾರು ಹೋಗಿ ನೋಡ್ತಾರ? ನಾಕು ತಿಂಗಳು ಹೊರಗ ಕುಂತಿದ್ದಿಲ್ಲ, ಸಣ್ಣ ಹುಡುಗಿ, ಮುಟ್ಟು ಹಿಂದ ಮುಂದ ಆಗ್ತೈತಿ ಅಂತ ತಿಳಕೊಂಡಿದ್ವಿ. ಬಸರಿದ್ಲು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ, ಆಕಿಗೂ ಗೊತ್ತಿರಲಿಲ್ಲ. ನೋವಿಲ್ಲೇನವಾ ಅಂತ ಬಾಗಿಲಾಗ ನಿಂತು ಕೇಳಿದ್ರ, ಅಂಜೂದೇನಿಲ್ಲ ಅತ್ತಿ, ಇದು ಮೈಯ ಲೆಕ್ಕ ಅಂತ ನಗತಿದ್ಲು. ಮರುದಿನ ಅಂಬಲಿ ಇಡಾಕ ಹೋದಾಗ ತಣ್ಣಗಾಗಿದ್ಲು.

ಫಕ್ಕೀರವ್ವ ಅಳಲಿಲ್ಲ ಅಂತಾರ. ಅಂಜಬ್ಯಾಡ ಅಂತ ಕಲಿಸಿದಾಕಿ ನಾನ ಅಂತ ಒಂದ ಮಾತು ಅಂದ್ಲಂತ, ಊರಿಗೆ ತಿರುಗಿ ಬಂದ್ಲಂತ.

ಬಂದಾಕಿ ನೀಲಗಂಗಿ ಕೌದಿಯ ಬಿಳಿ ಅರಿವಿ ಕಿತ್ತು ಬಾಗಿಲಾ ಹೊಲದ್ಲು, ಚಿಲಕ ಹೊಲದ್ಲು, ಚಂಚ್ಯಾಗ ಬೀಜ ಹೊಲದ್ಲು. ಅದನ್ನ ಹೊತ್ತುಕೊಂಡು ಏಳೂರು ತಿರುಗಿದ್ಲು. ಈಗ ಬಾಯಿ ಒಣಗಲಿಲ್ಲ. ಕಟ್ಟಿ ಮ್ಯಾಲ ನಿಂತು, ಗಂಡಸರ ಮುಂದ, ಎಲ್ಲಾ ಬಿಚ್ಚಿ ಹೇಳಿದ್ಲು. ನಿಮ್ಮ ಕೌದಿ ಕೊಡ್ರವಾ, ನಡುವಿನ ಮನಿ ಹೊಲದು ಕೊಡ್ತೀನಿ ಅಂತ ಕೈ ಮುಗದ್ಲು, ಕಾಲು ಹಿಡದ್ಲು. ಒಬ್ಬರೂ ಕೊಡಲಿಲ್ಲ. ಅಷ್ಟರಾಗ ಬಿಳಿ ಮನಿ ದೇವರಾಗಿತ್ತು. ಅದನ್ನ ಮುಟ್ಟಿದ್ರ ಹುಡುಗಿಗೆ ಕೆಡುಕು ಅಂದ್ರು. ಪಾಪ, ಮೊಮ್ಮಗಳು ಸತ್ತು ಮುದುಕಿಗೆ ತಲಿ ಕೆಟ್ಟೈತಿ ಅಂದ್ರು. ಗೌಡ್ತಿ ಬಾಗಿಲಾ ಮುಂದೂ ಹೋಗಿ ನಿಂತ್ಲು. ಗೌಡ್ತಿ ಅತ್ಲು, ರೊಟ್ಟಿ ಕೊಟ್ಲು, ಕೌದಿ ಕೊಡಲಿಲ್ಲ. ಫಕ್ಕೀರವ್ವ ಹಂಗ ಊರೂರು ತಿರುಗಿ ಯಾವುದೋ ಹೊಲದ ಬದುವಿನ್ಯಾಗ ತೀರಿಕೊಂಡ್ಲು. ಆ ಒಂದು ಕೌದಿ ಹೊಚ್ಚಿ ಆಕಿನ್ನ ಮಣ್ಣಾಗ ಇಟ್ರು.

ಇವತ್ತಿಗೂ ಈ ಕಡೆ ಹುಡುಗಿ ದೊಡ್ಡಾಕಿ ಆದ್ರ ಐದು ಮಂದಿ ಮುತ್ತೈದೇರು ಕೂಡಿ ಫಕ್ಕೀರವ್ವನ ಕೌದಿ ಹೊಲೀತಾರ. ಆಕಿ ಹೆಸರು ಹೇಳಿ ಸೂಜಿ ಪೋಣಿಸ್ತಾರ. ಇಪ್ಪತ್ತೆಂಟು ಮನಿ ತಪ್ಪಂಗಿಲ್ಲ, ನಾಕು ಕೆಂಪು ತಪ್ಪಂಗಿಲ್ಲ. ಕಡೀಕ ನಡುವಿಗೆ ಬಿಳಿ ಅರಿವಿ ಹಚ್ಚಿ, ಅರಿಷಿಣ ಕುಂಕುಮ ಏರಿಸಿ, ಹುಡುಗಿ ಕೈಲೆ ನಮಸ್ಕಾರ ಮಾಡಸ್ತಾರ. ಇಲ್ಲೇನೂ ಇಲ್ಲಲ್ಲ, ಯಾಕ ಅಂತ ಹುಡುಗಿ ಕೇಳ್ತೈತಿ. ಎಲ್ಲಾ ಹುಡುಗ್ಯಾರೂ ಕೇಳ್ತಾವ. ಫಕ್ಕೀರವ್ವ ಹಂಗ ಬಿಟ್ಟಾಳ, ಹಂಗ ಬಿಡಬೇಕು ಅಂತ ಹೇಳ್ತಾರ. ನನಗೂ ನಮ್ಮವ್ವ ಹಂಗ ಹೇಳಿದ್ಲು. ಹ್ವಾದ ವರ್ಸ ನನ್ನ ಮೊಮ್ಮಗಳು ಕೇಳಿದಾಗ, ಈ ಕಥಿ ಎಲ್ಲಾ ಗೊತ್ತಿದ್ದೂ, ನಾನೂ ಹಂಗ ಹೇಳೀನಿ.