ಕಪ್ಪು ಪಾವಲಿಯ ಹಟ

ಕಮಲಾಕ್ಷಯ್ಯನವರಿಗೆ ನಾಲ್ಕಾಣೆಯ ಪಾವಲಿಗಳನ್ನು ಕೂಡಿಡುವ ಹುಚ್ಚು. ಅವರ ಡಬ್ಬಿಯಲ್ಲಿ ರಾಜನ ಮುಖವಿದ್ದ ಎರಡು ಬೆಳ್ಳಿ ಪಾವಲಿಗಳೂ ಘೇಂಡಾಮೃಗವಿದ್ದ ಒಂದು ಸ್ಟೀಲ್ ಪಾವಲಿಯೂ ಒಟ್ಟಿಗಿದ್ದವು. ಬೆಳ್ಳಿಯವು ಕಾಲ ಕಳೆದು ಕಪ್ಪಾಗಿದ್ದವು. ಸ್ಟೀಲಿನದಕ್ಕೋ ತನ್ನ ಹೊಳಪಿನ ಮೇಲೆ ಬಲು ಮೋಹ.

ಲಕ್ಷ್ಮೀಪೂಜೆಯ ಬೆಳಗ್ಗೆ ಮನೆಯಾಕೆ ಹುಣಸೆಹಣ್ಣು, ರಂಗೋಲಿಪುಡಿ ಹಿಡಿದು ಬೆಳ್ಳಿ ಸಾಮಾನು ಉಜ್ಜಲು ಕೂತರು. ಆ ಡಬ್ಬಿಯನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಂಡರು.

“ಅಜ್ಜಂದಿರೇ, ಇವತ್ತಾದರೂ ಮುಖ ತೊಳೆಸಿಕೊಳ್ಳಿ” ಎಂದಿತು ಸ್ಟೀಲ್ ಪಾವಲಿ.

ಬೆಳ್ಳಿಯವುಗಳಲ್ಲಿ ಮೊದಲನೆಯದು ಹಿಗ್ಗುತ್ತಲೇ ಉಜ್ಜಿಸಿಕೊಂಡಿತು. ಎರಡನೆಯದು, “ಇದು ಕೊಳೆಯಲ್ಲ ಮಗು, ನನ್ನ ವಯಸ್ಸು. ಉಜ್ಜಲು ಬಿಡಲಾರೆ” ಎನ್ನುತ್ತ ಆಕೆಯ ಬೆರಳಿನಿಂದ ಜಾರಿ, ಉರುಳಿ ಉರುಳಿ ಒರಳುಕಲ್ಲಿನ ಸಂದಿ ಸೇರಿತು. ಕಡ್ಡಿ ಹಾಕಿ ಕೆದಕಿದರೂ ಅಲುಗಲಿಲ್ಲ.

ಸಂಜೆ ಕಮಲಾಕ್ಷಯ್ಯನವರು ಬೆಳ್ಳಿ ಪಾವಲಿಗೆಂದೇ ಆಲ್ಬಮ್ಮಿನಲ್ಲಿ ಬಿಟ್ಟಿದ್ದ ಗೂಡನ್ನು ತುಂಬಲು ಭೂತಗನ್ನಡಿ ಹಿಡಿದು ಕೂತರು. ಉಜ್ಜಿಸಿಕೊಂಡ ಪಾವಲಿ ಫಳಫಳ ಹೊಳೆಯುತ್ತಿತ್ತು, ಆದರೆ ರಾಜನ ಗಡ್ಡದ ತುಂಬ ಗೀರು. “ಉಜ್ಜಿದ ನಾಣ್ಯ ಸಂಗ್ರಹಕ್ಕೆ ಸಲ್ಲದು” ಎಂದು ಅದನ್ನು ಆರತಿ ತಟ್ಟೆಗೆ ಹಾಕಿದರು. ಆಮೇಲೆ ಹೆಂಡತಿ ತೋರಿಸಿದ ಸಂದಿಯ ಮುಂದೆ ಮೊಣಕಾಲೂರಿ, ಕಪ್ಪು ಪಾವಲಿಯನ್ನು ಹೊರತೆಗೆದು ಗೂಡಿನಲ್ಲಿ ಕೂರಿಸಿದರು.

ಕೆಲಕಾಲದ ಮೇಲೆ ಸ್ಟೀಲ್ ಪಾವಲಿಯ ಅಂಚಿನಲ್ಲೂ ಮೊದಲ ಕಲೆ ಮೂಡಿತು. ಮನೆಯಾಕೆ ಅದನ್ನು ಒರೆಸಲೆಂದು ಸೆರಗು ಹಿಡಿದು ಬಂದಾಗ, ಅದು ಆಗಲೇ ಒರಳಿನ ಕಡೆಗೆ ಉರುಳುತ್ತಿತ್ತು.