ಎಣ್ಣೆ ಹಚ್ಚಿದ ಎಳೆಗಳು

ಈ ಕಥೆಯ ಗುರುಗಳಿಗೆ ಜಟೆಯಿಲ್ಲ, ಕಮಂಡಲವಿಲ್ಲ. ಆಶ್ರಮ ಮಾತ್ರ ನದಿಯ ದಂಡೆಯಲ್ಲೇ ಇದೆ ಅನ್ನಿ. ಅಲ್ಲಿ ಸೇತುವೆಗೆ ಬೇಕಾದ ಕಾಂಕ್ರೀಟಿನ ತೊಲೆಗಳನ್ನು ಎರಕ ಹೊಯ್ಯುತ್ತಾರೆ.

ಗುರುಗಳ ಹೆಸರು ವೃಷಭೇಂದ್ರಯ್ಯ. ಶಿಷ್ಯೆ ನಾಗವೇಣಿ, ಎಂಜಿನಿಯರಿಂಗ್ ಮುಗಿಸಿ ಅವರ ಬಳಿ ಕೆಲಸ ಕಲಿಯಲು ಬಂದವಳು.

ಈ ತೊಲೆಯ ಗುಟ್ಟು ಬಹಳ ಸೊಗಸಾದದ್ದು, ಸ್ವಲ್ಪ ಕೇಳಿ. ಉಕ್ಕಿನ ತಂತಿಗಳನ್ನು ಹಗ್ಗದಂತೆ ಹೊಸೆದು ಎಳೆ ಮಾಡಿರುತ್ತಾರೆ. ಆ ಎಳೆಗಳನ್ನು ಎರಡು ತುದಿಗೂ ಕಟ್ಟಿ, ಜಾಕು ಹಾಕಿ, ವೀಣೆಯ ತಂತಿ ನಾಚುವಷ್ಟು ಬಿಗಿಯಾಗಿ ಎಳೆಯುತ್ತಾರೆ. ಬಿಗಿದ ಎಳೆಗಳ ಸುತ್ತ ಕಾಂಕ್ರೀಟು ತುಂಬುತ್ತಾರೆ. ಅದು ಗಟ್ಟಿಯಾದ ಮೇಲೆ ಜಾಕು ಸಡಿಲಿಸುತ್ತಾರೆ.

ಎಳೆಗಳು ಮೊದಲಿನ ಉದ್ದಕ್ಕೆ ಮರಳಲು ಹವಣಿಸುತ್ತವೆ. ಕಾಂಕ್ರೀಟು ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಇಡೀ ತೊಲೆ ಬಿಗಿದುಕೊಂಡು, ನಡುವೆ ತುಸು ಮೇಲಕ್ಕೆ ಉಬ್ಬುತ್ತದೆ. ಇನ್ನು ಲಾರಿ ಬರಲಿ, ಬಸ್ಸು ಬರಲಿ, ಅದು ಹೊರಲು ಸಿದ್ಧ.

ಒಮ್ಮೆ ನಾಗವೇಣಿ ಕೇಳಿದಳು, "ಗುರುಗಳೇ, ಒಳಗೆ ಗಂಟಿಲ್ಲ, ಮೊಳೆಯಿಲ್ಲ. ಕಾಂಕ್ರೀಟು ಎಳೆಯನ್ನು ಯಾವುದರಿಂದ ಹಿಡಿಯುತ್ತದೆ?"

"ಮೈಯಿಂದ."

"ಅಷ್ಟೇನಾ?"

"ಅಷ್ಟು ಸಿಕ್ಕಿದರೆ ಅದಕ್ಕೆ ಸಾಕು."

ಅವಳಿಗೆ ಅರ್ಥವಾಗಲಿಲ್ಲ. ಗುರುಗಳೂ ಬಿಡಿಸಿ ಹೇಳಲಿಲ್ಲ.

ಆಯುಧಪೂಜೆ ಹತ್ತಿರ ಬಂತು. ಗುರುಗಳು ಅವಳನ್ನು ಕರೆದರು.

"ವೇಣಿ, ಹಬ್ಬದ ಮಾರನೆಯ ದಿನ ಹೊಯ್ಯುವ ತೊಲೆ ಪೂರ್ತಿ ನಿನ್ನದು. ನಾನು ಕೈ ಹಾಕುವುದಿಲ್ಲ. ಅದನ್ನು ನೋಡಿಕೊಂಡು ಈ ಎರಕದ ಅಂಗಳವನ್ನು ನಿನಗೆ ಒಪ್ಪಿಸಬೇಕೋ ಬೇಡವೋ ತೀರ್ಮಾನಿಸುತ್ತೇನೆ. ನನಗೂ ವಯಸ್ಸಾಯಿತು."

ಹಬ್ಬದ ದಿನ ಕೆಲಸವಿಲ್ಲ. ಮೇಸ್ತ್ರಿ ಹಾಲಪ್ಪ ಸ್ಪ್ಯಾನರು, ಜಾಕು, ಸಲಿಕೆಗಳನ್ನೆಲ್ಲ ತೊಳೆದು, ಕೊಬ್ಬರಿ ಎಣ್ಣೆ ಸವರಿ, ಕುಂಕುಮ ಇಟ್ಟ.

ನಾಗವೇಣಿಯ ಕಣ್ಣು ಅಚ್ಚಿನಲ್ಲಿ ಸಾಲಾಗಿ ಮಲಗಿದ್ದ ಎಳೆಗಳ ಮೇಲೆ ಬಿತ್ತು. ಮೈಮೇಲೆ ತೆಳ್ಳಗೆ ಕಂದು ತುಕ್ಕು.

"ಸಲಿಕೆಗೂ ಪೂಜೆಯಿದೆ. ನಾಳೆ ಊರಿನ ಭಾರ ಹೊರುವ ಇವುಗಳಿಗೆ ತುಕ್ಕೇ?" ಎಂದು ಅವಳು ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿದಳು. ಒಂದೊಂದೇ ಎಳೆಯನ್ನು ಉದ್ದಕ್ಕೂ ತಿಕ್ಕಿದಳು.

ಹಾಲಪ್ಪ ನಕ್ಕ. "ಮದುವಣಗಿತ್ತಿಗೆ ಎಣ್ಣೆ ಹಚ್ಚಿದಂಗಾತು ಬಿಡ್ರಿ ಅಮ್ಮಾರೆ. ನೀರು ಹಾಕೋರ್ಯಾರು?"

"ಒಣಬಟ್ಟೆಯಲ್ಲಿ ಒರೆಸಿಬಿಡ್ತೀನಿ ಹಾಲಪ್ಪ, ಸಾಕು."

ಒರೆಸಿದಳು. ಎಳೆಗಳು ಬೆಳ್ಳಿಯ ಹಾಗೆ ಹೊಳೆದವು.

ಮಾರನೆಯ ದಿನ ಎಳೆಗಳನ್ನು ಜಾಕಿನಿಂದ ಬಿಗಿದು, ಕಾಂಕ್ರೀಟು ಹೊಯ್ದು, ಗೋಣಿ ಹೊದಿಸಿ ನೀರುಣಿಸಿದರು. ಪರೀಕ್ಷೆಗೆಂದು ಎತ್ತಿಟ್ಟಿದ್ದ ಅದೇ ಕಾಂಕ್ರೀಟಿನ ತುಂಡುಗಳು ಕಲ್ಲಿನಂತೆ ಗಟ್ಟಿಯಾದ ಮೇಲೆ ಜಾಕು ಸಡಿಲಿಸುವ ದಿನ ಬಂತು. ಗುರುಗಳು ಅಂದು ಸೇತುವೆಯ ಕಂಬಗಳನ್ನು ನೋಡಲು ಆಚೆ ದಡಕ್ಕೆ ಹೋಗಿದ್ದರು.

ಎಳೆಗಳು ತೊಲೆಯಿಂದ ಹೊರಬರುವ ಕಡೆ ಬಣ್ಣದ ಗುರುತು ಇಟ್ಟಿದ್ದರು. ಜಾಕು ಮೆಲ್ಲಗೆ ಸಡಿಲಾಯಿತು.

"ಅಮ್ಮಾರೆ," ಎಂದ ಹಾಲಪ್ಪ, "ಗುರುತು ಒಳಗೆ ಹೋತು."

ಒಂದು ಎಳೆಯದಲ್ಲ, ಎಲ್ಲದರದೂ. ಎಳೆಗಳು ಒಳಗೊಳಗೇ ಜಾರಿದ್ದವು. ತೊಲೆ ಒಂದಿಷ್ಟೂ ಉಬ್ಬದೆ ಮರದ ದಿಮ್ಮಿಯಂತೆ ಚಪ್ಪಟೆ ಮಲಗಿತ್ತು.



"ಎಳೆ ತುದಿ ಕತ್ತರಿಸಿ ಗಾರೆ ಮೆತ್ತೋದು ಹೆಂಗೂ ಇದ್ದದ್ದೇ," ಎಂದ ಹಾಲಪ್ಪ ನೆಲ ನೋಡುತ್ತ. "ಮೆತ್ತಿದ ಮೇಲೆ ಯಾರಿಗೂ ಕಾಣಂಗಿಲ್ಲ. ನಾಳೆ ತೊಲೆ ಎತ್ತೋಕೆ ಕ್ರೇನು ಬರತ್ತೆ. ಹೇಳಿದ್ರೆ ನಿಮ್ಮ ಅಂಗಳ ಹೋತು. ನೋಡ್ರಿ, ನಿಮ್ಮಿಷ್ಟ."

ನಾಗವೇಣಿ ನದಿಯ ಕಡೆ ನೋಡಿದಳು. ದೋಣಿಯೊಂದು ಶಾಲೆಯ ಮಕ್ಕಳನ್ನೂ ಎರಡು ಮೋಟಾರ್ ಸೈಕಲ್ಲುಗಳನ್ನೂ ಹೊತ್ತು ತೇಲುತ್ತಿತ್ತು. ಈ ಸೇತುವೆ ಅವರದೇ.

ಅವಳು ಕೆಂಪು ಬಣ್ಣದ ಡಬ್ಬಿ ತಂದು, ತೊಲೆಯ ಮೈಮೇಲೆ, ಇದನ್ನು ಬಳಸಬಾರದು ಎಂಬ ಗುರುತಿಗೆ, ಕತ್ತರಿಯಾಕಾರದಲ್ಲಿ ಎರಡು ಗೀಟು ಎಳೆದಳು. ಆಚೆ ದಡಕ್ಕೂ ಕಾಣುವಷ್ಟು ದಪ್ಪ.

ಮುಂದಿನ ದೋಣಿಯಲ್ಲೇ ಗುರುಗಳು ಬಂದಿಳಿದರು.

"ಏನಾಯಿತು ತಾಯಿ?"

ಅವಳು ಎಲ್ಲವನ್ನೂ ಹೇಳಿದಳು. ಕೊನೆಗೆ, "ಭಕ್ತಿಯಿಂದಲೇ ಮಾಡಿದೆ ಗುರುಗಳೇ. ಒರೆಸಿಯೂ ಇದ್ದೆ," ಎಂದಳು.

ಗುರುಗಳು ಹಾಲಪ್ಪನ ಕೈಯಲ್ಲಿ ತೊಲೆಯ ತುದಿ ಒಡೆಸಿದರು. ಎಳೆ ಮಲಗಿದ್ದ ಜಾಗದ ಒಂದು ಚೂರನ್ನು ಆರಿಸಿ ಅವಳ ಅಂಗೈಯಲ್ಲಿಟ್ಟರು.

"ಬೆರಳು ಆಡಿಸು."

"ನುಣ್ಣಗಿದೆ. ಜಿಡ್ಡು ಜಿಡ್ಡು."

"ಕಾಂಕ್ರೀಟು ತಪ್ಪು ಮಾಡಲಿಲ್ಲ. ತನ್ನನ್ನು ಮುಟ್ಟಿದ್ದನ್ನು ಹಿಡಿಯಿತು. ಮುಟ್ಟಿದ್ದು ನಿನ್ನ ಎಣ್ಣೆ."

ನಾಗವೇಣಿ ಆ ಚೂರನ್ನು ಬಹಳ ಹೊತ್ತು ನೋಡಿದಳು.

"ಅಂಗಳದ ಮಾತು ಬಿಡಿ ಗುರುಗಳೇ. ನಾನಿನ್ನೂ ಕಲಿಯುವುದಿದೆ."

ಗುರುಗಳು ಮೇಸ್ತ್ರಿಯ ಕಡೆ ತಿರುಗಿದರು. "ಹಾಲಪ್ಪ, ನಮ್ಮೂರಿನ ಬಸ್ಸು ಸಂಜೆ ಇದೆಯಲ್ಲ?"

"ಇದೆ ಬುದ್ಧಿ."

"ನನಗೊಂದು ಸೀಟು ಹಿಡಿಸು."

ನಾಗವೇಣಿ ಗಾಬರಿಯಾದಳು. "ಗುರುಗಳೇ, ನನ್ನ ತೊಲೆ ಕೆಟ್ಟಿದೆಯಲ್ಲ. ಅಂಗಳವನ್ನು ನನಗೆ ಹೇಗೆ ಒಪ್ಪಿಸುತ್ತೀರಿ?"

"ಕೆಟ್ಟಿದೆ. ನೀನೇ ಹಾಕಿದ ಕೆಂಪು ಗೀಟನ್ನು ಆಚೆ ದಡದಿಂದಲೇ ಓದಿದೆ."

 ಅವಳು ಕೇಳಿದಳು, "ಹಾಗಿದ್ದರೆ ಇದೊಂದು ಹೇಳಿ ಹೋಗಿ. ನಾಳೆ ಹೊಸ ಎಳೆಗಳು ಬರುತ್ತವೆ. ಅವುಗಳಿಗಾಗಿ ನಾನು ಏನು ಮಾಡಲಿ?"

ಗುರುಗಳು ಚಪ್ಪಲಿ ಮೆಟ್ಟಿಕೊಂಡರು.

"ಎಳೆಯೂ ಕಾಂಕ್ರೀಟೂ ಒಂದನ್ನೊಂದು ಮುಟ್ಟಲಿ ತಾಯಿ. ನೀನು ಸ್ವಲ್ಪ ಈಚೆ ನಿಲ್ಲು."